ಕಟ್ಟಿದ ಕಡತವೂ ಕಿವಿಯ ಓದೂ

ನಮ್ಮ ಹಿರಿಯರು ಓಲೆಗರಿಯ ಗ್ರಂಥಗಳನ್ನು ಕಾಪಾಡಿಕೊಂಡು ಬಂದ ಕ್ರಮವು ವಾಚಕರಿಗೆ ತಿಳಿದೇ ಇದೆ. ಗರಿಗಳಿಗೆ ತೂತುಮಾಡಿ, ದಾರವನ್ನು ಪೋಣಿಸಿ, ಮೇಲೊಂದು ಕೆಳಗೊಂದು ಹಲಗೆಯನ್ನಿಟ್ಟು ಬಿಗಿದು ಕಟ್ಟುತ್ತಿದ್ದರು. ಓದಬೇಕೆನ್ನುವವನು ಮೊದಲು ಆ ಕಟ್ಟನ್ನು ಬಿಚ್ಚಬೇಕಾಗಿತ್ತು. ಬಿಚ್ಚುವುದಕ್ಕೆ ಪಾಂಡಿತ್ಯವೇನೂ ಬೇಕಿರಲಿಲ್ಲ. ಕಣ್ಣು ಕಾಣದವನ ಕೈಗೂ ದಾರದ ಗಂಟು ಸಿಕ್ಕುತ್ತಿತ್ತು. ಬಿಚ್ಚಿದ ಮೇಲೆ ಓದುವುದಕ್ಕೆ ಮಾತ್ರ ಅವನು ಇನ್ನೊಬ್ಬರ ಕಣ್ಣನ್ನು ಆಶ್ರಯಿಸಬೇಕಾಗಿತ್ತು.

ಈ ಕಾಲದ ಗಣಕಯಂತ್ರದಲ್ಲಿಯೂ ಗ್ರಂಥಗಳನ್ನು ಕಟ್ಟಿಡುವ ಪದ್ಧತಿಯುಂಟು. ಹಲವು ಕಡತಗಳನ್ನು ಒಂದುಗೂಡಿಸಿ, ಅವುಗಳ ಗಾತ್ರವನ್ನು ಕುಗ್ಗಿಸಿ, ಒಂದೇ ಕಡತವನ್ನಾಗಿ ಮಾಡಿ ಕಳುಹಿಸುವುದು ರೂಢಿಯಾಗಿದೆ. ಇದಕ್ಕೆ ಜಿಪ್ ಕಡತವೆಂದು ಹೆಸರು. ಇಲ್ಲಿ ಅಂಧನಾದ ವಾಚಕನ ಪರಿಸ್ಥಿತಿಯು ಮೇಲೆ ಹೇಳಿದುದಕ್ಕೆ ತಲೆಕೆಳಗಾಗಿದೆ. ಕಟ್ಟು ಬಿಚ್ಚಿತೆಂದರೆ, ಸ್ಕ್ರೀನ್ ರೀಡರ್ ಎಂಬ ತಂತ್ರಾಂಶವು ಒಳಗಿನ ಗ್ರಂಥವನ್ನು ಅವನಿಗೆ ತಾನೇ ಓದಿ ಹೇಳುವುದು. ಇನ್ನೊಬ್ಬರ ಕಣ್ಣು ಬೇಕಾಗುವುದಿಲ್ಲ. ಆದರೆ ಕಟ್ಟನ್ನು ಬಿಚ್ಚುವುದರಲ್ಲಿಯೇ ಅವನಿಗೆ ತೊಡಕುಂಟು. ಈ ತೊಡಕು ಹೇಗೆ ಬಂದಿತು, ಹೇಗೆ ಬಹುಮಟ್ಟಿಗೆ ಪರಿಹಾರವಾಯಿತು, ಇನ್ನೂ ಉಳಿದಿರುವುದೇನು ಎಂಬ ವಿಚಾರವನ್ನು ಪ್ರಕೃತ ಲೇಖನದಲ್ಲಿ ನಿರೂಪಿಸಲು ಯತ್ನಿಸಿದೆ. ಬರಹವನ್ನು ಅಡಕಗೊಳಿಸಿದ ಚರಿತ್ರೆಯೊಂದು, ಕಣ್ಣಿಲ್ಲದೆ ಓದುವುದನ್ನು ಸಾಧಿಸಿದ ಚರಿತ್ರೆಯೊಂದು. ಇವೆರಡೂ ಬೇರೆ ಬೇರೆಯಾಗಿ ಬೆಳೆದು ಕೆಲವು ಎಡೆಗಳಲ್ಲಿ ಒಂದನ್ನೊಂದು ಸಂಧಿಸಿವೆ.

1. ಸೂತ್ರವೂ ವೃತ್ತಿಯೂ

ಹೇಳಬೇಕಾದುದನ್ನು ಅಡಕವಾಗಿ ಹೇಳುವ ವಿದ್ಯೆಯು ನಮಗೆ ಹೊಸದಲ್ಲ. ಪಾಣಿನಿಯು ವರ್ಣಮಾಲೆಯನ್ನು 14 ಸೂತ್ರಗಳಲ್ಲಿ ಜೋಡಿಸಿಕೊಂಡು, ಸ್ವರಗಳೆಲ್ಲವನ್ನೂ ‘ಅಚ್’ ಎಂಬ ಒಂದು ಸಂಜ್ಞೆಯಿಂದಲೂ, ವ್ಯಂಜನಗಳೆಲ್ಲವನ್ನೂ ‘ಹಲ್’ ಎಂಬ ಇನ್ನೊಂದು ಸಂಜ್ಞೆಯಿಂದಲೂ ಸೂಚಿಸಿದನು. ನಮ್ಮ ಕೇಶಿರಾಜನು ಹದಿಮೂರನೆಯ ಶತಮಾನದಲ್ಲಿ ಶಬ್ದಮಣಿದರ್ಪಣವನ್ನು ರಚಿಸುವಾಗ, ನಿಯಮಗಳನ್ನು ಕಂದಪದ್ಯಗಳಲ್ಲಿ ಅಡಗಿಸಿ, ಅವುಗಳಿಗೆ ತಾನೇ ವೃತ್ತಿಯನ್ನೂ ಬರೆದನು. ಸೂತ್ರವನ್ನು ಬರೆದವನೇ ಅದನ್ನು ಬಿಡಿಸುವ ಬಗೆಯನ್ನೂ ಬರೆದಿಟ್ಟನೆಂಬುದನ್ನು ಇಲ್ಲಿ ಗಮನಿಸಬೇಕು.

ಇದರಿಂದ ಎರಡು ಸಂಗತಿಗಳು ಹೊರಪಡುವುವು. ಮತ್ತೆ ಮತ್ತೆ ಬರುವುದನ್ನು ಮಾತ್ರವೇ ಚಿಕ್ಕದಾಗಿಸುವುದು ಲಾಭಕರ ಎಂಬುದು ಒಂದು. ಚಿಕ್ಕದಾಗಿಸಿದ ಬರಹವು ಅದರ ಕೀಲನ್ನು ಬಲ್ಲವನಿಗಲ್ಲದೆ ಇತರರಿಗೆ ಪ್ರಯೋಜನಕ್ಕೆ ಬಾರದೆಂಬುದು ಎರಡನೆಯದು. ಮುಂದೆ ಹೇಳುವ ಚರಿತ್ರೆಯೆಲ್ಲವೂ ಈ ಎರಡು ಮಾತುಗಳ ವಿಸ್ತರಣವೆಂದೇ ತಿಳಿಯಬಹುದು.

2. ಆರು ಚುಕ್ಕೆಗಳು

ಅಂಧರಿಗಾಗಿ ಶಾಲೆಯನ್ನು ತೆರೆದವರಲ್ಲಿ ಅಗ್ರಗಣ್ಯನಾದ ವಾಲೆಂತೆ ಅವೀ ಎಂಬ ಮಹನೀಯನು ಹದಿನೆಂಟನೆಯ ಶತಮಾನದ ಕೊನೆಯ ಭಾಗದಲ್ಲಿ ಪ್ಯಾರಿಸ್ ನಗರದಲ್ಲಿ ಸಾಮಾನ್ಯ ರೋಮನ್ ಅಕ್ಷರಗಳನ್ನೇ ಕಾಗದದ ಮೇಲೆ ಉಬ್ಬಿಸಿ ಪುಸ್ತಕಗಳನ್ನು ಅಚ್ಚುಮಾಡಿಸಿದನು. ಆ ಅಕ್ಷರಗಳು ಕಣ್ಣಿಗಾಗಿ ಹುಟ್ಟಿದವುಗಳು. ಬೆರಳಿಗೆ ಅವುಗಳ ಗೆರೆಗಳನ್ನು ಗುರುತಿಸುವುದು ಬಹಳ ನಿಧಾನವಾಗುತ್ತಿತ್ತು. ಪುಸ್ತಕಗಳೂ ಅತಿ ಭಾರವಾಗಿದ್ದುವು. ತರುವಾಯ ಶಾರ್ಲ್ ಬಾರ್ಬಿಯೆ ಎಂಬಾತನು 12 ಚುಕ್ಕೆಗಳ ಒಂದು ಪದ್ಧತಿಯನ್ನು ಕಲ್ಪಿಸಿ 1821ರಲ್ಲಿ ಆ ಶಾಲೆಯವರ ಮುಂದಿಟ್ಟನು. ಅದು ಕಾಗುಣಿತವನ್ನು ಅನುಸರಿಸದೆ ಉಚ್ಚಾರಣೆಯನ್ನು ಅನುಸರಿಸುತ್ತಿತ್ತು. ಒಂದು ಸಂಕೇತವು ಬೆರಳಿನ ತುದಿಗೆ ಒಮ್ಮೆಗೆ ಒಳಪಡುತ್ತಿರಲಿಲ್ಲ.

1809ರಲ್ಲಿ ಕುವ್ರೇ ಎಂಬ ಊರಿನಲ್ಲಿ ಹುಟ್ಟಿ, ತಂದೆಯ ಚರ್ಮಗೆಲಸದ ಅಂಗಡಿಯಲ್ಲಿ ಮೂರನೆಯ ವಯಸ್ಸಿನಲ್ಲಿ ಕಣ್ಣಿಗೆ ಗಾಯಮಾಡಿಕೊಂಡು ಅಂಧನಾದ ಲೂಯಿ ಬ್ರೈಲನು ಆ ಶಾಲೆಯ ವಿದ್ಯಾರ್ಥಿಯಾಗಿದ್ದನು. ಅವನು ಬಾರ್ಬಿಯೆಯ ಚುಕ್ಕೆಗಳನ್ನು ಆರಕ್ಕೆ ಇಳಿಸಿ, 1824ರ ಹೊತ್ತಿಗೆ, ತನ್ನ ಹದಿನೈದನೆಯ ವಯಸ್ಸಿನಲ್ಲಿ, ತನ್ನ ಲಿಪಿಯನ್ನು ರೂಪಿಸಿಕೊಂಡನು. 1829ರಲ್ಲಿ ಅದನ್ನು ಪ್ರಕಟಿಸಿದನು. ಆರು ಚುಕ್ಕೆಗಳಲ್ಲಿ ಪ್ರತಿಯೊಂದೂ ಇರಬಹುದು, ಇಲ್ಲದಿರಬಹುದು. ಹೀಗೆ 64 ಬಗೆಗಳಾಗಿ, ಬರಿದಾದ ಒಂದನ್ನು ಬಿಟ್ಟರೆ 63 ಸಂಕೇತಗಳು ದೊರೆಯುವುವು. ಇಂದಿನ ಗಣಕಯಂತ್ರವು ಸಮಸ್ತವನ್ನೂ ಸೊನ್ನೆ ಮತ್ತು ಒಂದು ಎಂಬ ಎರಡೇ ಗುರುತುಗಳಿಂದ ಬರೆಯುವುದಷ್ಟೆ. ಆ ತತ್ತ್ವವನ್ನು ಬೆರಳಿನ ಓದಿಗೆ ಬ್ರೈಲನು ಒಂದು ಶತಮಾನಕ್ಕೂ ಮೊದಲೇ ಅಳವಡಿಸಿದ್ದನೆಂದು ಹೇಳಿದರೆ ಅತಿಶಯೋಕ್ತಿಯಾಗದು. ಆತನು 1852ರಲ್ಲಿ ತೀರಿಕೊಂಡನು. ಫ್ರಾನ್ಸಿನಲ್ಲಿ ಆ ಲಿಪಿಗೆ ಅಧಿಕೃತ ಮನ್ನಣೆಯು ದೊರೆತುದು 1854ರಲ್ಲಿ.

ಬ್ರೈಲ್ ಹಾಳೆಯೊಂದರಲ್ಲಿ ಸಾಮಾನ್ಯವಾಗಿ ಸಾಲಿಗೆ 40ರಂತೆ 25 ಸಾಲುಗಳು, ಎಂದರೆ 1,000 ಸಂಕೇತಗಳು ಮಾತ್ರ ಹಿಡಿಯುವುವು. ದಪ್ಪ ಕಾಗದ, ಉಬ್ಬಿದ ಚುಕ್ಕೆ. ಕೈಯಲ್ಲಿ ಹಿಡಿಯುವಂತಹ ಒಂದು ಕಾದಂಬರಿಯು ಬ್ರೈಲಿನಲ್ಲಿ ಹಲವು ಸಂಪುಟಗಳಾಗಿಬಿಡುವುದು. ಆದುದರಿಂದ ಸಂಕ್ಷೇಪ ಲಿಪಿಯು ಹುಟ್ಟಿತು. ಇಂಗ್ಲಿಷ್ ಬ್ರೈಲಿನಲ್ಲಿ ‘ಪಿ’ ಅಕ್ಷರವು ಬಿಡಿಯಾಗಿ ನಿಂತರೆ ‘ಪೀಪಲ್’ ಎಂಬ ಪದ. ‘ಕೆ’ ಬಿಡಿಯಾಗಿ ನಿಂತರೆ ‘ನಾಲೆಡ್ಜ್’ ಎಂಬ ಪದ. ಈ ಬಗೆಯ ಸಂಕ್ಷೇಪಗಳು ಈಗ ರೂಢಿಯಲ್ಲಿರುವ ಇಂಗ್ಲಿಷ್ ಪದ್ಧತಿಯಲ್ಲಿ 180 ಇವೆ. ಹೆಚ್ಚಾಗಿ ಬರುವ ಪದಕ್ಕೆ ಚಿಕ್ಕ ಸಂಕೇತ, ಅದರ ಕೀಲು ಓದುಗನ ನೆನಪಿನಲ್ಲಿ. ಅಡಕಗೊಳಿಸುವ ವಿದ್ಯೆಯ ಲಕ್ಷಣವೆಲ್ಲವೂ ಇದರಲ್ಲಿದೆ. ಗಣಕಯಂತ್ರಗಳು ಹುಟ್ಟುವುದಕ್ಕೆ ಬಹಳ ಮೊದಲೇ ಅಂಧರಾದ ಮಕ್ಕಳು ಅಡಕಗೊಳಿಸಿದ ಗ್ರಂಥಗಳನ್ನು ಬೆರಳಿನಿಂದ ಬಿಡಿಸಿ ಓದುತ್ತಿದ್ದರು.

ಕೀಲುಗಳು ಹಲವಾದರೆ ಏನಾಗುವುದೆಂಬುದನ್ನೂ ಈ ಚರಿತ್ರೆಯೇ ತೋರಿಸಿಕೊಟ್ಟಿತು. ಅಮೆರಿಕದಲ್ಲಿ ನ್ಯೂಯಾರ್ಕ್ ಪಾಯಿಂಟ್, ಅಮೆರಿಕನ್ ಬ್ರೈಲ್, ಇಂಗ್ಲಿಷ್ ಬ್ರೈಲ್ ಎಂದು ಬೇರೆ ಬೇರೆ ಲಿಪಿಗಳು ನಡೆಯುತ್ತಿದ್ದುವು. ಒಂದರಲ್ಲಿ ಅಚ್ಚಾದ ಪುಸ್ತಕವನ್ನು ಇನ್ನೊಂದನ್ನು ಕಲಿತವನು ಓದಲಾರನು. ಈ ವಿವಾದಕ್ಕೆ ಚುಕ್ಕೆಗಳ ಯುದ್ಧವೆಂದೇ ಹೆಸರು ಬಂದಿತು. 1932ರಲ್ಲಿ ಬ್ರಿಟನ್ನಿನವರೂ ಅಮೆರಿಕದವರೂ ಒಂದೇ ಇಂಗ್ಲಿಷ್ ಬ್ರೈಲಿಗೆ ಒಪ್ಪುವ ಪರ್ಯಂತ ಇದು ಶಮನವಾಗಲಿಲ್ಲ. ಭಾರತದಲ್ಲಿಯೂ ಹಲವು ಪದ್ಧತಿಗಳು ನಡೆಯುತ್ತಿದ್ದು, 1951ರಲ್ಲಿ ಎಲ್ಲ ಭಾಷೆಗಳಿಗೂ ಸಮಾನವಾದ ಭಾರತೀ ಬ್ರೈಲ್ ನೆಲೆಗೊಂಡಿತು. ಕನ್ನಡದ ‘ಕ’ಕಾರಕ್ಕೂ ಹಿಂದಿಯ ‘ಕ’ಕಾರಕ್ಕೂ ತಮಿಳಿನ ‘ಕ’ಕಾರಕ್ಕೂ ಅದರಲ್ಲಿ ಒಂದೇ ಸಂಕೇತ. ಕಣ್ಣಿಗೆ ಬೇರೆ ಬೇರೆಯಾಗಿ ಕಾಣುವ ನಮ್ಮ ಲಿಪಿಗಳು ಬೆರಳಿಗೆ ಒಂದಾದುದು ಸ್ಮರಣೀಯವಾದ ಸಂಗತಿ.

3. ಅಡಕಗೊಳಿಸುವ ಗಣಿತ

ಇನ್ನು ಇನ್ನೊಂದು ಚರಿತ್ರೆಯ ಕಡೆಗೆ ತಿರುಗೋಣ. ಮೋರ್ಸನ ತಂತಿಯ ಸಂಕೇತಗಳಲ್ಲಿ, ಇಂಗ್ಲಿಷಿನಲ್ಲಿ ಅತಿ ಹೆಚ್ಚಾಗಿ ಬರುವ ‘ಇ’ ಅಕ್ಷರಕ್ಕೆ ಒಂದೇ ಚುಕ್ಕೆ. ಹೆಚ್ಚು ಬಳಕೆಯದಕ್ಕೆ ಚಿಕ್ಕ ಗುರುತು, ಕಡಿಮೆ ಬಳಕೆಯದಕ್ಕೆ ದೊಡ್ಡ ಗುರುತು ಎಂಬ ಈ ಜಾಣತನಕ್ಕೆ ಗಣಿತದ ತಳಹದಿಯು ದೊರೆತುದು 1948ರಲ್ಲಿ. ಕ್ಲಾಡ್ ಶ್ಯಾನನ್ನನು ಆ ವರ್ಷ ಪ್ರಕಟಿಸಿದ ಪ್ರಬಂಧದಲ್ಲಿ, ಯಾವುದೇ ಸಂದೇಶವನ್ನು ಏನೂ ನಷ್ಟವಾಗದಂತೆ ಎಷ್ಟರ ಮಟ್ಟಿಗೆ ಕುಗ್ಗಿಸಬಹುದು ಎಂಬುದಕ್ಕೆ ಒಂದು ಮೇರೆಯುಂಟೆಂದು ಸಿದ್ಧಪಡಿಸಿದನು.

ಆ ಮೇರೆಯ ಹತ್ತಿರಕ್ಕೆ ಹೋಗುವ ಉಪಾಯವನ್ನು ಕಂಡುಹಿಡಿದವನು ಒಬ್ಬ ವಿದ್ಯಾರ್ಥಿ. 1951ರಲ್ಲಿ ಮೆಸಾಚುಸೆಟ್ಸ್ ತಾಂತ್ರಿಕ ವಿದ್ಯಾಲಯದಲ್ಲಿ ರಾಬರ್ಟ್ ಫ್ಯಾನೋ ಎಂಬ ಅಧ್ಯಾಪಕನು ತನ್ನ ಶಿಷ್ಯರಿಗೆ, ಕೊನೆಯ ಪರೀಕ್ಷೆಗೆ ಕುಳಿತುಕೊಳ್ಳಿರಿ, ಇಲ್ಲವೇ ಒಂದು ಪ್ರಬಂಧವನ್ನು ಬರೆಯಿರಿ ಎಂದು ಆಯ್ಕೆಯನ್ನು ಕೊಟ್ಟನು. ಡೇವಿಡ್ ಹಫ್‌ಮನ್ನನು ಪ್ರಬಂಧವನ್ನು ಆರಿಸಿಕೊಂಡು, ಗುರುವಿಗೇ ಬಗೆಹರಿಯದೆ ಇದ್ದ ಸಮಸ್ಯೆಯನ್ನು ಬಿಡಿಸಿದನು. ಅದು 1952ರಲ್ಲಿ ಪ್ರಕಟವಾಯಿತು. ಅತಿ ವಿರಳವಾದ ಎರಡು ಅಕ್ಷರಗಳನ್ನು ಮೊದಲು ಜೋಡಿಸಿ ಒಂದೆಂದು ಎಣಿಸುವುದು, ಮತ್ತೆ ಉಳಿದವುಗಳಲ್ಲಿ ವಿರಳವಾದ ಎರಡನ್ನು ಜೋಡಿಸುವುದು, ಹೀಗೆ ಎಲ್ಲವೂ ಒಂದಾಗುವ ತನಕ ಮಾಡುತ್ತ ಹೋಗುವುದು. ಇದೇ ಅವನ ಕ್ರಮ. ಕನ್ನಡಕ್ಕೆ ಇದನ್ನು ಅನ್ವಯಿಸಿದರೆ, ನಮ್ಮ ವಿಭಕ್ತಿಪ್ರತ್ಯಯಗಳಲ್ಲಿ ಸದಾ ಬರುವ ‘ನ’ಕಾರಕ್ಕೆ ಅತಿ ಚಿಕ್ಕ ಗುರುತೂ, ಎಲ್ಲಿಯೋ ಒಮ್ಮೆ ಬರುವ ‘ಝ’ಕಾರಕ್ಕೆ ಉದ್ದವಾದ ಗುರುತೂ ದೊರೆಯುವುವು.

ಎರಡನೆಯ ಉಪಾಯವು 1977ರಲ್ಲಿ ಇಸ್ರೇಲಿನ ವಿದ್ವಾಂಸರಾದ ಯಾಕೋಬ್ ಝಿವ್ ಮತ್ತು ಅಬ್ರಹಾಂ ಲೆಂಪೆಲ್ ಎಂಬುವರಿಂದ ಬಂದಿತು. ಇದನ್ನು ತಿಳಿಯುವುದಕ್ಕೆ ನಮ್ಮ ಕೀರ್ತನೆಗಳ ಪುಸ್ತಕವನ್ನು ತೆರೆದು ನೋಡಿದರೆ ಸಾಕು. ಪಲ್ಲವಿಯನ್ನು ಮೊದಲಲ್ಲಿ ಒಮ್ಮೆ ಪೂರ್ತಿಯಾಗಿ ಅಚ್ಚುಮಾಡಿ, ಪ್ರತಿಯೊಂದು ಚರಣದ ಕೊನೆಯಲ್ಲಿಯೂ ಬರಿಯ ‘ಪ’ ಎಂಬ ಗುರುತನ್ನು ಇಡುವುದುಂಟು. ಹಾಡುವವನು ಹಿಂದಕ್ಕೆ ತಿರುಗಿ ಪಲ್ಲವಿಯನ್ನು ಎತ್ತಿಕೊಳ್ಳುವನು. ಲೆಂಪೆಲ್ ಮತ್ತು ಝಿವ್ ಅವರ ಕ್ರಮವೂ ಇಂತಹುದೇ. ಒಮ್ಮೆ ಬಂದ ಪದಸಮೂಹವು ಮತ್ತೆ ಬಂದರೆ ಅದನ್ನು ಬರೆಯದೆ, ‘ಇಷ್ಟು ಹಿಂದಕ್ಕೆ ಹೋಗಿ ಇಷ್ಟುದ್ದದ ಭಾಗವನ್ನು ತೆಗೆದುಕೊಳ್ಳತಕ್ಕದ್ದು’ ಎಂಬ ಎರಡು ಸಂಖ್ಯೆಗಳನ್ನು ಮಾತ್ರ ಬರೆಯುವುದು. ಬಿಚ್ಚುವ ಯಂತ್ರವು ಹಿಂದಕ್ಕೆ ನೋಡಿ ಮೂಲವನ್ನು ಅಕ್ಷರಶಃ ಕಟ್ಟಿಕೊಡುವುದು.

4. ಕೀಲನ್ನು ಬಯಲುಮಾಡಿದುದು

ಈ ತತ್ತ್ವಗಳು ಜನಸಾಮಾನ್ಯರ ಮೇಜಿನ ಮೇಲಕ್ಕೆ ಬಂದುದು 1980ರ ದಶಕದಲ್ಲಿ. ದೂರವಾಣಿಯ ತಂತಿಯ ಮೂಲಕ ಕಡತಗಳನ್ನು ಕಳುಹಿಸುವವರಿಗೆ ನಿಮಿಷಕ್ಕೆ ಇಷ್ಟೆಂದು ಹಣ ತೆರಬೇಕಾಗಿದ್ದುದರಿಂದ, ಗಾತ್ರವನ್ನು ಕುಗ್ಗಿಸುವುದು ಅವಶ್ಯಕವಾಯಿತು. 1985ರಲ್ಲಿ ಆರ್ಕ್ ಎಂಬ ತಂತ್ರಾಂಶವು ಬಂದಿತು. ಅಮೆರಿಕದ ಮಿಲ್ವಾಕೀ ನಗರದ ಫಿಲ್ ಕ್ಯಾಟ್ಸ್ ಎಂಬ ತರುಣನು ಅದೇ ಬಗೆಯ ಕಡತಗಳನ್ನು ಇನ್ನೂ ವೇಗವಾಗಿ ಕಟ್ಟಿ ಬಿಚ್ಚುವ ತಂತ್ರಾಂಶವನ್ನು ರಚಿಸಲು, ಆರ್ಕ್‌ನ ಒಡೆಯರು 1988ರಲ್ಲಿ ಅವನ ಮೇಲೆ ವ್ಯಾಜ್ಯವನ್ನು ಹೂಡಿದರು. ಅದು ರಾಜಿಯಲ್ಲಿ ಮುಗಿಯಿತು. ಕ್ಯಾಟ್ಸನು ಆ ಮಾರ್ಗವನ್ನು ಬಿಟ್ಟು, 1989ರಲ್ಲಿ ಜಿಪ್ ಎಂಬ ಹೊಸ ಕಟ್ಟನ್ನು ನಿರ್ಮಿಸಿದನು. ಅವನು ಮಾಡಿದ ಮುಖ್ಯವಾದ ಉಪಕಾರವೆಂದರೆ, ಆ ಕಟ್ಟಿನ ರಚನೆ ಹೇಗಿದೆಯೆಂಬ ವಿವರಣೆಯನ್ನು ಸರ್ವರಿಗೂ ಬಯಲುಮಾಡಿದುದು. ಕೇಶಿರಾಜನಂತೆ ಇವನೂ ಸೂತ್ರದೊಡನೆ ವೃತ್ತಿಯನ್ನು ಬರೆದಿಟ್ಟನೆಂದು ಹೇಳಬಹುದು.

1993ರಲ್ಲಿ ಹೊರಬಂದ ಅವನ ಎರಡನೆಯ ಆವೃತ್ತಿಯಲ್ಲಿ ಡಿಫ್ಲೇಟ್ ಎಂಬ ವಿಧಾನವು ಸೇರಿತು. ಮೊದಲು ಲೆಂಪೆಲ್ ಮತ್ತು ಝಿವ್ ಅವರ ಕ್ರಮದಿಂದ 32,768 ಬೈಟುಗಳ ವರೆಗೆ ಹಿಂದಕ್ಕೆ ನೋಡಿ ಪುನರುಕ್ತಿಗಳನ್ನು ತೆಗೆಯುವುದು, ಆಮೇಲೆ ಹಫ್‌ಮನ್ನನ ಕ್ರಮದಿಂದ ಉಳಿದುದನ್ನು ಚಿಕ್ಕದಾಗಿಸುವುದು. ಇವೆರಡರ ಸಮ್ಮಿಲನವೇ ಅದು. 1996ರಲ್ಲಿ ಅದರ ವಿವರಣೆಯು ಅಂತರಜಾಲದ ಅಧಿಕೃತ ಪತ್ರಗಳಲ್ಲಿ 1951ನೆಯ ಸಂಖ್ಯೆಯಾಗಿ ಪ್ರಕಟವಾಯಿತು. ಕ್ಯಾಟ್ಸನು ಮಾತ್ರ 2000ದ ಏಪ್ರಿಲಿನಲ್ಲಿ, 37ನೆಯ ವಯಸ್ಸಿನಲ್ಲಿ ತೀರಿಕೊಂಡನು. ಅವನ ಹೆಸರಿನ ಮೊದಲ ಅಕ್ಷರಗಳಾದ ‘ಪಿ’ ‘ಕೆ’ ಎಂಬಿವು ಇಂದಿಗೂ ಸಾಮಾನ್ಯವಾಗಿ ಪ್ರತಿಯೊಂದು ಜಿಪ್ ಕಡತದ ಆರಂಭದಲ್ಲಿ ಇರುವುವು.

5. ಮಾತನಾಡುವ ತೆರೆ

ಇದೇ ಕಾಲದಲ್ಲಿಯೇ ಸ್ಕ್ರೀನ್ ರೀಡರ್ ಹುಟ್ಟಿ ಬೆಳೆಯಿತು. ಐಬಿಎಂ ಸಂಸ್ಥೆಯಲ್ಲಿ ಗಣಿತಜ್ಞನಾಗಿದ್ದ ಜಿಮ್ ಥ್ಯಾಚರನು, ಅಂಧನಾದ ತನ್ನ ಸಹೋದ್ಯೋಗಿ ಜೆಸ್ಸಿ ರೈಟ್ ಎಂಬುವನ ಉಪಯೋಗಕ್ಕಾಗಿ ಆರಂಭಿಸಿದ ಕೆಲಸವು 1986ರಲ್ಲಿ ಡಾಸ್ ವ್ಯವಸ್ಥೆಗೆ ತಕ್ಕ ಸ್ಕ್ರೀನ್ ರೀಡರಾಗಿ ಪ್ರಕಟವಾಯಿತು. ಮೋಟಾರ್ ಸೈಕಲ್ ಪಂದ್ಯಗಳಲ್ಲಿ ಹೆಸರಾಗಿದ್ದು 1978ರ ರಸ್ತೆ ಅಪಘಾತದಲ್ಲಿ ದೃಷ್ಟಿಯನ್ನು ಕಳೆದುಕೊಂಡ ಟೆಡ್ ಹೆಂಟರನು, ಬಿಲ್ ಜಾಯ್ಸನೊಡನೆ 1987ರಲ್ಲಿ ಸಂಸ್ಥೆಯೊಂದನ್ನು ಸ್ಥಾಪಿಸಿ, 1989ರಲ್ಲಿ ಜಾಸ್ ಎಂಬ ಸ್ಕ್ರೀನ್ ರೀಡರನ್ನು ಹೊರತಂದನು. ಜಿಪ್ ಹುಟ್ಟಿದುದೂ ಅದೇ ವರ್ಷವೆಂಬುದನ್ನು ವಾಚಕರು ಗಮನಿಸಬಹುದು.

ಡಾಸ್ ಕಾಲದಲ್ಲಿ ತೆರೆಯ ಮೇಲೆ ಇದ್ದುದೆಲ್ಲವೂ ಅಕ್ಷರಗಳೇ. ಕಟ್ಟನ್ನು ಬಿಚ್ಚಬೇಕಾದರೆ ಆಜ್ಞೆಯ ಹೆಸರನ್ನೂ ಕಡತದ ಹೆಸರನ್ನೂ ಬೆರಳಚ್ಚಿಸಿ ಎಂಟರ್ ಕೀಲಿಯನ್ನು ಒತ್ತಿದರಾಯಿತು. ಬಿಚ್ಚಿದ ಕಡತಗಳ ಹೆಸರುಗಳು ಒಂದೊಂದಾಗಿ ತೆರೆಯ ಮೇಲೆ ಬರುವುವು, ಯಂತ್ರವು ಅವುಗಳನ್ನು ಓದುವುದು. ಕಣ್ಣುಳ್ಳವನೂ ಇಲ್ಲದವನೂ ಇದರಲ್ಲಿ ಸಮಾನರಾಗಿದ್ದರು.

1990ರ ತರುವಾಯ ವಿಂಡೋಸ್ ವ್ಯವಸ್ಥೆಯು ಹಬ್ಬಿದಾಗ ಈ ಸಮಾನತೆಗೆ ಭಂಗ ಬಂದಿತು. ತೆರೆಯ ಮೇಲೆ ಅಕ್ಷರಗಳಿಗೆ ಬದಲಾಗಿ ಚಿತ್ರಗಳು ತುಂಬಿಕೊಂಡುವು. ಚಿತ್ರದ ಚುಕ್ಕೆಗಳಲ್ಲಿ ಓದುವುದಕ್ಕೆ ಏನಿದೆ? ಜೀವನೋಪಾಯವು ಕೈತಪ್ಪುವುದೆಂದು ಅನೇಕ ಅಂಧ ನೌಕರರು ಭಯಪಟ್ಟುದು ನಿಷ್ಕಾರಣವಲ್ಲ. ಆಗ ತಂತ್ರಜ್ಞರು, ತೆರೆಯ ಮೇಲೆ ಬರೆಯುವಂತೆ ವ್ಯವಸ್ಥೆಯು ಕೊಡುವ ಆಜ್ಞೆಗಳನ್ನು ನಡುವೆಯೇ ತಡೆದು ಕೇಳಿಸಿಕೊಂಡು, ತೆರೆಯ ಒಂದು ಮರುಪ್ರತಿಯನ್ನು ಸ್ಮೃತಿಯಲ್ಲಿ ಕಟ್ಟಿಕೊಳ್ಳುವ ಉಪಾಯವನ್ನು ಯೋಜಿಸಿದರು. ವಿಂಡೋಸಿಗಾಗಿ ಜಾಸ್ 1995ರಲ್ಲಿ ಬಂದಿತು. 1997ರಲ್ಲಿ ಮೈಕ್ರೋಸಾಫ್ಟಿನವರು, ಪ್ರತಿಯೊಂದು ಗುಂಡಿಯೂ ಪಟ್ಟಿಯೂ ತನ್ನ ಹೆಸರನ್ನೂ ಸ್ಥಿತಿಯನ್ನೂ ಸ್ಕ್ರೀನ್ ರೀಡರಿಗೆ ತಿಳಿಸುವ ಏರ್ಪಾಟನ್ನು ಮಾಡಿದರು. ಅಂದಿನಿಂದ ಒಂದು ತಂತ್ರಾಂಶವು ಅಂಧರಿಗೆ ಅನುಕೂಲವೋ ಅಲ್ಲವೋ ಎಂಬುದು, ಅದನ್ನು ರಚಿಸಿದವನು ತನ್ನ ಗುಂಡಿಗಳಿಗೆ ಹೆಸರಿಟ್ಟಿರುವನೋ ಇಲ್ಲವೋ ಎಂಬುದನ್ನು ಅವಲಂಬಿಸಿದೆ.

ಆದರೂ ಈ ತಂತ್ರಾಂಶಗಳ ಬೆಲೆಯು ನಮ್ಮ ದೇಶದ ಸಾಮಾನ್ಯ ಗೃಹಸ್ಥನಿಗೆ ನಿಲುಕುವಂತಹುದಾಗಿರಲಿಲ್ಲ. 2006ರಲ್ಲಿ ಆಸ್ಟ್ರೇಲಿಯಾದ ಅಂಧ ತರುಣ ಮೈಕೇಲ್ ಕರನ್ನನು ಎನ್‌ವಿಡಿಎ ಎಂಬ ಸ್ಕ್ರೀನ್ ರೀಡರನ್ನು ಆರಂಭಿಸಿ, ಅದನ್ನು ಉಚಿತವಾಗಿ, ಅದರ ಮೂಲ ಬರಹದೊಡನೆ, ಲೋಕಕ್ಕೆ ಕೊಟ್ಟನು. ಅಂಧನೇ ಆದ ಜೇಮ್ಸ್ ಟೇ ಅವನ ಜೊತೆಗೂಡಿದನು. ಜೊನಾಥನ್ ಡಡಿಂಗ್‌ಟನ್ ಎಂಬಾತನು ರಚಿಸಿದ ಈಸ್ಪೀಕ್ ಎಂಬ ಉಚಿತ ಧ್ವನಿಯಂತ್ರವು ಇದರೊಡನೆ ಸೇರಿ, ಅನೇಕ ಭಾಷೆಗಳ ಜೊತೆಗೆ ಕನ್ನಡವನ್ನೂ ಓದತೊಡಗಿತು. ಆ ಧ್ವನಿಯು ಇಂಪಾದುದೆಂದು ಯಾರೂ ಹೇಳಲಾರರು. ಆದರೆ ಹಣವಿಲ್ಲದ ವಿದ್ಯಾರ್ಥಿಗೆ ಕನ್ನಡ ಬರಹವನ್ನು ತಾನೇ ಓದಿಕೊಳ್ಳುವ ಸ್ವಾತಂತ್ರ್ಯವನ್ನು ಅದು ತಂದುಕೊಟ್ಟಿತು.

6. ಬಿಚ್ಚುವ ಬಗೆ

ಈಗ ವಿದ್ಯಾರ್ಥಿಯೊಬ್ಬನು ಪರೀಕ್ಷೆಗೆ ಬೇಕಾದ ಪಠ್ಯಗಳನ್ನು ಜಿಪ್ ಕಡತವಾಗಿ ಪಡೆದಿರುವನೆಂದು ಇಟ್ಟುಕೊಳ್ಳೋಣ. ವಿಂಡೋಸಿನಲ್ಲಿ ಕಣ್ಣುಳ್ಳವನು ಫೋಲ್ಡರಿನ ಚಿತ್ರದ ಮೇಲಿರುವ ಜಿಪ್ಪಿನ ಗುರುತನ್ನು ನೋಡಿ ಅದು ಕಟ್ಟಿದುದೆಂದು ತಿಳಿಯುವನು. ಕಿವಿಯಿಂದ ಓದುವವನಿಗೆ ಆ ಚಿತ್ರವಿಲ್ಲ. ಹೆಸರಿನ ಕೊನೆಯಲ್ಲಿ ಇರಬೇಕಾದ ‘ಜಿಪ್’ ಎಂಬ ಬಾಲವನ್ನು ವಿಂಡೋಸ್ ವ್ಯವಸ್ಥೆಯು ವಾಡಿಕೆಯಾಗಿ ಮರೆಮಾಡುವುದು. ಅವನು ಎಂಟರ್ ಒತ್ತಿದರೆ ಕಟ್ಟು ಸಾಮಾನ್ಯ ಫೋಲ್ಡರಿನಂತೆಯೇ ತೆರೆದುಕೊಳ್ಳುವುದು. ಒಳಗಿನ ಕಡತಗಳ ಹೆಸರುಗಳನ್ನು ಸ್ಕ್ರೀನ್ ರೀಡರ್ ಓದುವುದು. ತಾನು ಇನ್ನೂ ಕಟ್ಟಿನ ಒಳಗೇ ಇರುವೆನೆಂಬುದು ಅವನಿಗೆ ಸುಲಭವಾಗಿ ತಿಳಿಯದು.

ಇದರಿಂದ ಆಗುವ ಕೇಡು ಅಲ್ಪವಾದುದಲ್ಲ. ಹಾಗೆ ತೆರೆದ ಪತ್ರವು ತಾತ್ಕಾಲಿಕವಾದ ಒಂದು ಪ್ರತಿ ಮಾತ್ರ. ಅದರಲ್ಲಿ ಗಂಟೆಗಟ್ಟಲೆ ಕುಳಿತು ಉತ್ತರಗಳನ್ನು ಬರೆದರೂ ಆ ಬರಹವು ಕಟ್ಟಿನೊಳಗಿನ ಮೂಲಕ್ಕೆ ಸೇರದು. ಮರುದಿನ ತೆರೆದರೆ ಹಳೆಯದೇ ಇರುವುದು. ಧ್ವನಿಪುಸ್ತಕವಾದರೆ ಇನ್ನೊಂದು ತೊಂದರೆ. ಅದರ ಪರಿವಿಡಿ ಒಂದು ಕಡತದಲ್ಲಿ, ಧ್ವನಿಯು ಹಲವು ಕಡತಗಳಲ್ಲಿ ಇರುವುದರಿಂದ, ಕಟ್ಟಿನ ಒಳಗಿಂದ ಒಂದನ್ನು ಮಾತ್ರ ತೆರೆದರೆ ಉಳಿದುವು ಸಿಕ್ಕದೆ ಪುಸ್ತಕವು ಮೂಕವಾಗುವುದು. ಪುಸ್ತಕವೇ ಕೆಟ್ಟಿದೆಯೆಂದು ಓದುಗನು ನಿರಾಶನಾಗುವನು.

ಪರಿಹಾರವು ಸುಲಭವಾದುದು. ಬಾಣದ ಕೀಲಿಗಳಿಂದ ಕಡತವನ್ನು ತಲುಪಿ, ಎಂಟರ್ ಒತ್ತದೆ, ಶಿಫ್ಟ್ ಕೀಲಿಯೊಡನೆ ಎಫ್ 10 ಕೀಲಿಯನ್ನು ಒತ್ತಿದರೆ ಪಟ್ಟಿಯೊಂದು ತೆರೆಯುವುದು. ಅದರಲ್ಲಿ ‘ಎಕ್ಸ್‌ಟ್ರಾಕ್ಟ್ ಆಲ್’ ಎಂಬುದನ್ನು ಆರಿಸಬೇಕು. ಎಲ್ಲಿ ಬಿಚ್ಚಿಡಬೇಕೆಂಬ ಪ್ರಶ್ನೆಗೆ ಸ್ಥಳವನ್ನು ಕೊಟ್ಟು, ಟ್ಯಾಬ್ ಕೀಲಿಯಿಂದ ಮುಂದುವರಿದು, ‘ಎಕ್ಸ್‌ಟ್ರಾಕ್ಟ್’ ಗುಂಡಿಯನ್ನು ಒತ್ತಿದರೆ ಕೆಲಸವು ನಡೆಯುವುದು. ಆಗ ಎನ್‌ವಿಡಿಎ ಮತ್ತೆ ಮತ್ತೆ ಕಿರುನಾದವನ್ನು ಮಾಡುವುದು. ಕೆಲಸ ಮುಂದುವರಿದಂತೆ ಆ ನಾದದ ಶ್ರುತಿಯು ಏರುತ್ತ ಹೋಗುವುದು. ಕಣ್ಣುಳ್ಳವನು ತುಂಬುತ್ತಿರುವ ಪಟ್ಟೆಯನ್ನು ನೋಡುವಂತೆಯೇ ಇವನು ಏರುವ ಶ್ರುತಿಯನ್ನು ಕೇಳಿ ಎಷ್ಟಾಯಿತೆಂದು ತಿಳಿಯುವನು. ರಷ್ಯದ ಈಗೋರ್ ಪಾವ್ಲೋವನು 1999ರಲ್ಲಿ ಹೊರತಂದ ಸೆವೆನ್ ಜಿಪ್ ಎಂಬ ಉಚಿತ ತಂತ್ರಾಂಶವೂ ಸಾದಾ ಪಟ್ಟಿಗಳನ್ನೇ ಬಳಸುವುದರಿಂದ ಕಿವಿಯ ಓದಿಗೆ ಹೊಂದುವುದು. ಕಟ್ಟಿನ ರಚನೆಯು ಬಯಲಾಗಿದ್ದುದರಿಂದಲೇ ಇಂತಹ ಉಚಿತ ತಂತ್ರಾಂಶಗಳು ಸಾಧ್ಯವಾದುವೆಂಬುದನ್ನು ಮರೆಯಬಾರದು.

7. ಕಟ್ಟಿನಲ್ಲಿ ಬರುವ ಪುಸ್ತಕಭಂಡಾರ

ಇಷ್ಟು ಸಣ್ಣ ಸಂಗತಿಗೆ ಇಷ್ಟೊಂದು ಮಾತೇಕೆ ಎಂದು ಯಾರಿಗಾದರೂ ಸಂದೇಹವು ಹುಟ್ಟಬಹುದು. ಇಂದು ಅಂಧರ ಗ್ರಂಥಭಂಡಾರವು ಬಹುಮಟ್ಟಿಗೆ ಈ ಕಟ್ಟುಗಳಲ್ಲಿಯೇ ಇರುವುದೆಂಬುದು ಅದಕ್ಕೆ ಉತ್ತರ. ಅಂಧರಿಗೆ ಅನುಕೂಲವಾದ ಡೈಸಿ ಎಂಬ ಪುಸ್ತಕರಚನೆಗಾಗಿ 1996ರಲ್ಲಿ ಹಲವು ದೇಶಗಳ ಗ್ರಂಥಾಲಯಗಳು ಸೇರಿ ಒಕ್ಕೂಟವನ್ನು ಕಟ್ಟಿದುವು. ಅಮೆರಿಕದಲ್ಲಿ 2002ರಲ್ಲಿ ಬುಕ್‌ಶೇರ್ ಎಂಬ ಭಂಡಾರವು ತೆರೆಯಿತು. ಡೈಸಿ ಪುಸ್ತಕವು ಹಲವು ಕಡತಗಳ ಸಮೂಹವಾದುದರಿಂದ ಅದನ್ನು ಜಿಪ್ಪಿನಲ್ಲಿ ಕಟ್ಟಿ ಕಳುಹಿಸುವುದೇ ರೂಢಿ. ಸಾಮಾನ್ಯ ಓದುಗರೂ ಬಳಸುವ ಈಪಬ್ ಪುಸ್ತಕವು ಕೂಡ ಒಳಗೆ ಜಿಪ್ ಕಟ್ಟೇ ಆಗಿದೆ.

ನಮ್ಮ ದೇಶದಲ್ಲಿ 2012ರ ತಿದ್ದುಪಡಿಯಿಂದ ಕೃತಿಸ್ವಾಮ್ಯದ ಕಾನೂನು, ಅಂಗವಿಕಲರಿಗಾಗಿ ಪುಸ್ತಕಗಳನ್ನು ಅವರು ಓದಬಲ್ಲ ರೂಪಕ್ಕೆ ಪರಿವರ್ತಿಸುವುದಕ್ಕೆ ಅವಕಾಶವನ್ನು ಕೊಟ್ಟಿತು. 2013ರಲ್ಲಿ ಮರಾಕೆಶ್ ನಗರದಲ್ಲಿ ಇದೇ ಉದ್ದೇಶದ ಅಂತರರಾಷ್ಟ್ರೀಯ ಒಪ್ಪಂದವಾಯಿತು. ಅದನ್ನು 2014ರಲ್ಲಿ ಎಲ್ಲರಿಗಿಂತ ಮೊದಲು ಸ್ಥಿರೀಕರಿಸಿದ ರಾಷ್ಟ್ರವು ಭಾರತವೆಂಬುದು ನಮಗೆ ಹೆಮ್ಮೆಯ ವಿಷಯ. ಒಪ್ಪಂದವು 2016ರ ಸೆಪ್ಟೆಂಬರ್ 30ರಂದು ಜಾರಿಗೆ ಬಂದಿತು. ಅದೇ ವರ್ಷದ ಆಗಸ್ಟಿನಲ್ಲಿ ಸುಗಮ್ಯ ಪುಸ್ತಕಾಲಯವೆಂಬ ರಾಷ್ಟ್ರೀಯ ಭಂಡಾರವು ಆರಂಭವಾಯಿತು. ಕಾನೂನು ಬಾಗಿಲನ್ನು ತೆರೆದ ಮೇಲೆ, ಕಟ್ಟಿನ ಗಂಟು ಬಿಚ್ಚದೆ ಓದುಗನು ಬಾಗಿಲಲ್ಲಿಯೇ ನಿಲ್ಲುವಂತಾದರೆ ಅದಕ್ಕಿಂತ ವ್ಯಸನಕರವಾದುದು ಏನಿದೆ?

8. ಕನ್ನಡದ ಮಾತು

ಕೊನೆಯದಾಗಿ ನಮ್ಮ ನುಡಿಗೆ ಸಂಬಂಧಿಸಿದ ಎರಡು ಮಾತುಗಳನ್ನು ಹೇಳಬೇಕಾಗಿದೆ. 1991ರ ಯೂನಿಕೋಡಿನಲ್ಲಿ ಕನ್ನಡಕ್ಕೆ 128 ಸ್ಥಾನಗಳು ಮೀಸಲಾದುವು. ಈಗ ಸರ್ವತ್ರ ರೂಢಿಯಲ್ಲಿರುವ ಯುಟಿಎಫ್ 8 ಬರಹದಲ್ಲಿ ಕನ್ನಡದ ಪ್ರತಿಯೊಂದು ಸಂಕೇತಕ್ಕೂ ಮೂರು ಬೈಟುಗಳು ಬೇಕು. ‘ಕನ್ನಡ’ ಎಂಬ ಪದದಲ್ಲಿ ಒತ್ತಕ್ಷರದ ಗುರುತೂ ಸೇರಿ ಐದು ಸಂಕೇತಗಳಿರುವುದರಿಂದ ಅದು 15 ಬೈಟುಗಳಾಗುವುದು. ಅದೇ ಪದವು ರೋಮನ್ ಅಕ್ಷರಗಳಲ್ಲಿ ಏಳೇ ಬೈಟು. ಇದು ಅನ್ಯಾಯವೆಂದು ತೋರಬಹುದು. ಆದರೆ ಆ ಮೂರರಲ್ಲಿ ಮೊದಲನೆಯದು ಯಾವಾಗಲೂ 224, ಎರಡನೆಯದು 178 ಇಲ್ಲವೇ 179. ಸದಾ ಒಂದೇ ಆಗಿರುವುದನ್ನು ಚಿಕ್ಕದಾಗಿಸುವುದು ಹಫ್‌ಮನ್ನನ ಕ್ರಮಕ್ಕೆ ಅತಿ ಸುಲಭ. ಆದುದರಿಂದ ಕನ್ನಡ ಬರಹವು ಕಟ್ಟಿನಲ್ಲಿ ಚೆನ್ನಾಗಿ ಕುಗ್ಗುವುದು.

ಕಟ್ಟಿನೊಳಗಿನ ಕಡತಗಳ ಹೆಸರುಗಳ ವಿಷಯದಲ್ಲಿ ಮಾತ್ರ ಬಹುಕಾಲ ನಮಗೆ ತೊಂದರೆಯಿತ್ತು. ಜಿಪ್ಪಿನ ಮೂಲ ರಚನೆಯಲ್ಲಿ ಹೆಸರುಗಳಿಗೆ ಐಬಿಎಂನ ಹಳೆಯ ಅಕ್ಷರಪಟ್ಟಿಯೊಂದೇ ಗತಿಯಾಗಿತ್ತು, ಅದರಲ್ಲಿ ಕನ್ನಡವಿರಲಿಲ್ಲ. ಕನ್ನಡದಲ್ಲಿ ಹೆಸರಿಟ್ಟ ಕಡತವನ್ನು ಕಟ್ಟಿ ಕಳುಹಿಸಿದರೆ, ಬಿಚ್ಚುವ ಕಡೆಯಲ್ಲಿ ಅದು ಅರ್ಥವಿಲ್ಲದ ಗುರುತುಗಳ ಸಾಲಾಗುತ್ತಿತ್ತು. 2006ರಲ್ಲಿ ಜಿಪ್ಪಿನ ವಿವರಣೆಗೆ ಯುಟಿಎಫ್ 8 ಹೆಸರುಗಳ ನಿಯಮವನ್ನು ಸೇರಿಸಲಾಯಿತು. ಆದರೂ ಹಳೆಯ ಕ್ರಮವನ್ನು ಅನುಸರಿಸುವ ತಂತ್ರಾಂಶದಿಂದ ಕಟ್ಟಿದರೆ ಆ ದೋಷವು ಮತ್ತೆ ತಲೆದೋರುವುದು. ಕಣ್ಣುಳ್ಳವನು ಒಂದೊಂದನ್ನೂ ತೆರೆದು ನೋಡಿ ಊಹಿಸಿಕೊಳ್ಳಬಹುದು. ಕಿವಿಯಿಂದ ಓದುವವನು ಐವತ್ತು ಕಡತಗಳ ಅಪಶಬ್ದಗಳನ್ನು ಕೇಳಿ ಯಾವುದನ್ನು ಆರಿಸಿಯಾನು?

ಇದಕ್ಕಿಂತಲೂ ದೊಡ್ಡ ತೊಡಕು ಇನ್ನೊಂದಿದೆ. ಯೂನಿಕೋಡ್ ಹಬ್ಬುವುದಕ್ಕೆ ಮೊದಲು, ರೋಮನ್ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ಆಕಾರಗಳನ್ನು ಕೂರಿಸಿದ ಅಕ್ಷರಶೈಲಿಗಳಿಂದ ನಮ್ಮ ಎಷ್ಟೋ ಪುಸ್ತಕಗಳೂ ಪತ್ರಿಕೆಗಳೂ ಸಿದ್ಧವಾದುವು. ಅವು ಕಣ್ಣಿಗೆ ಕನ್ನಡ, ಯಂತ್ರಕ್ಕೆ ಅರ್ಥವಿಲ್ಲದ ರೋಮನ್. ಅವುಗಳನ್ನು ಸ್ಕ್ರೀನ್ ರೀಡರ್ ಓದಿದರೆ ಕೇಳಿಬರುವುದು ಕನ್ನಡವಲ್ಲ. ಹಳೆಯ ಪುಸ್ತಕದ ಪುಟಗಳ ಛಾಯಾಚಿತ್ರಗಳನ್ನು ತೆಗೆದು ಕಟ್ಟಿಟ್ಟರೆ ಅದೂ ಇಲ್ಲ, ಯಂತ್ರವು ಮೌನವಾಗಿರುವುದು. ಗಂಟು ಬಿಚ್ಚಿದ ಮೇಲೆಯೂ ಹೀಗೆ ಗ್ರಂಥವು ಮುಚ್ಚಿಯೇ ಉಳಿಯುವುದು.

ನಮ್ಮ ಜಿಲ್ಲಾ ಸಾಹಿತ್ಯ ಸಂಘಗಳು ತಮ್ಮ ಹಳೆಯ ಸಂಚಿಕೆಗಳನ್ನು ಗಣಕಯಂತ್ರಕ್ಕೆ ಏರಿಸುವ ಸತ್ಕಾರ್ಯವನ್ನು ಕೈಗೊಳ್ಳುವಾಗ ಈ ಮಾತನ್ನು ನೆನಪಿನಲ್ಲಿಡಬೇಕೆಂದು ಪ್ರಾರ್ಥನೆ. ಬರಹವು ಯೂನಿಕೋಡಿನಲ್ಲಿರಲಿ, ಛಾಯಾಚಿತ್ರದ ಜೊತೆಗೆ ಅಕ್ಷರರೂಪದ ಪ್ರತಿಯೂ ಇರಲಿ, ಕಡತಗಳಿಗೆ ಸಂಚಿಕೆಯ ವರ್ಷ ಮತ್ತು ತಿಂಗಳನ್ನು ತಿಳಿಸುವ ಸ್ಪಷ್ಟವಾದ ಹೆಸರುಗಳಿರಲಿ, ಕಟ್ಟುವುದಾದರೆ ಎಲ್ಲರೂ ಬಿಚ್ಚಬಲ್ಲ ಕಟ್ಟಿನಲ್ಲಿಯೇ ಕಟ್ಟಲಿ. ಕಳುಹಿಸುವ ಮುನ್ನ ಅಂಧರಾದ ಒಬ್ಬ ಓದುಗರಿಗೆ ಕೊಟ್ಟು, ಅವರು ಯಾರ ಸಹಾಯವೂ ಇಲ್ಲದೆ ಮೊದಲ ಪುಟದ ತನಕ ತಲುಪಿದರೇ ಎಂದು ವಿಚಾರಿಸಿಕೊಂಡರೆ ಇನ್ನೂ ಉತ್ತಮ. ಇವಾವುದಕ್ಕೂ ಹೆಚ್ಚಿನ ದ್ರವ್ಯವು ಬೇಕಾಗಿಲ್ಲ. ಸ್ವಲ್ಪ ಅವಧಾನವು ಬೇಕು.

ಚಿಕ್ಕದಾಗಿಸುವುದು ಮಿತವ್ಯಯದ ಲಕ್ಷಣ. ಬಿಡಿಸುವ ಕೀಲನ್ನು ಓದುಗನ ಕೈಗೆ ಕೊಡುವುದು ಬರೆದವನ ಧರ್ಮ. ಹದಿನೈದರ ಬಾಲಕ ಬ್ರೈಲನು ತನ್ನ ಜೊತೆಯವರಿಗೆ ಆ ಕೀಲನ್ನು ಕೊಟ್ಟುದರಿಂದ ಅವರು ತಾವಾಗಿಯೇ ಓದಿದರು. ನಮ್ಮ ಕಾಲದ ಕಟ್ಟುಗಳನ್ನೂ ಓದುಗರು ತಾವಾಗಿಯೇ ಬಿಚ್ಚಿಕೊಳ್ಳುವಂತೆ ಮಾಡುವುದು ನಮಗೆ ಉಳಿದಿರುವ ಕೆಲಸ.